ಮೊಟ್ಟೆ ಬಣ್ಣಕ್ಕೆ ಯಾಕೆ ಡಬಲ್ ದುಡ್ಡು?

ಠಾಣೆ, ಡೊಂಬಿವಲಿ, ಮುಲುಂಡ್, ಪುಣೆ, ಎಲ್ಲಿ ಬೇಕಾದ್ರೂ ನೋಡಿ, ಈಗ ಅಂಗಡೀಲಿ ಮೂರು ಥರದ ಮೊಟ್ಟೆ ಇಟ್ಟಿರ್ತಾರೆ. ಒಂದು, 30ರ ಟ್ರೇಯಲ್ಲಿ ಬರೋ ಮಾಮೂಲಿ ಬಿಳಿ ಮೊಟ್ಟೆ, ನಮ್ಮ ಕಡೆ 7-8 ರೂಪಾಯಿ ಆಸುಪಾಸು. ಇನ್ನೊಂದು, ಆರರ ಬಾಕ್ಸಲ್ಲಿ ಬರೋ ಕಂದು ಮೊಟ್ಟೆ, ಬಾಕ್ಸ್ ಮೇಲೆ ಹುಲ್ಲುಗಾವಲಿನ ಚಿತ್ರ. ಮೂರನೇದು ಬುಟ್ಟೀಲಿ ಬಿಡಿಬಿಡಿಯಾಗಿ ಇಟ್ಟಿರೋ 'ಗಾವಠಿ', ಅಂದ್ರೆ ನಮ್ಮ ನಾಟಿ ಮೊಟ್ಟೆ, ಅದಕ್ಕೆ ಬಿಳಿದರ ಎರಡರಷ್ಟು ರೇಟು, ಕೆಲವು ಕಡೆ ಇನ್ನೂ ಜಾಸ್ತಿ.

ಫ್ರೆಂಡ್ಸ್ ಜೊತೆ ಮೊಟ್ಟೆ ವಿಷಯ ಬಂತು ಅಂದ್ರೆ ಒಬ್ಬೊಬ್ಬರೂ ಒಂದೊಂದು ಸಂಗತಿ ಹೇಳ್ತಾರೆ. ಕೋಳಿ ಕಿವಿ ನೋಡಿದ್ರೆ ಮೊಟ್ಟೆ ಬಣ್ಣ ಗೊತ್ತಾಗತ್ತಂತೆ, ಹಳದಿ ಗಾಢವಾಗಿದ್ರೆ ಶಕ್ತಿ ಜಾಸ್ತಿಯಂತೆ, ನೀರಲ್ಲಿ ತೇಲಿದ್ರೆ ವಿಷವಂತೆ, ರಕ್ತದ ಚುಕ್ಕೆ ಇದ್ರೆ ಒಳಗೆ ಮರಿ ಇತ್ತಂತೆ. ಇದರಲ್ಲಿ ಅರ್ಧಕ್ಕರ್ಧ ನಿಜಾನೇ, ಮೊಟ್ಟೆ ಅಷ್ಟು ಸ್ವಾರಸ್ಯದ ವಸ್ತು. ಆದ್ರೆ ಆ ನಿಜದ ಹಿಂದೆ ಒಂದು ತಪ್ಪು ತೀರ್ಮಾನ ಬಂದು ಅಂಟ್ಕೊಳ್ಳತ್ತೆ, ಕೊನೆಗೆ ಎಲ್ಲ ಸೇರಿ ಒಂದೇ ಮಾತಾಗತ್ತೆ: ಬಿಳಿ ಮೊಟ್ಟೇಲಿ ಏನೂ ಇಲ್ಲ. ನನಗೆ ಇದರ ಬಗ್ಗೆ ಬರೀಲೇಬೇಕು ಅನ್ಸಿದ್ದು ಈ ಒಂದು ಮಾತಿಗೋಸ್ಕರ, ಯಾಕಂದ್ರೆ ಇದರಿಂದ ಲುಕ್ಸಾನು ಆಗ್ತಿರೋದು ಕಂದು ಮೊಟ್ಟೆ ಬಾಕ್ಸ್ ತಗೊಳ್ಳೋ ನಮ್ಮಂಥವರಿಗಲ್ಲ.

ಮೊದಲು ಬಣ್ಣದ ವಿಷಯ. ಕೋಳಿ ಹೊಟ್ಟೇಲಿ ಒಂದು ಮೊಟ್ಟೆ ತಯಾರಾಗೋಕೆ ಸುಮಾರು 25 ಗಂಟೆ ಬೇಕು. ಹಳದಿ ಉಂಡೆ ಬಿಡುಗಡೆ ಆಗಿ ಕೆಳಗೆ ಬರ್ತಾ ಅದರ ಸುತ್ತ ಬಿಳಿ ಲೋಳೆ ಸುತ್ಕೊಳ್ಳತ್ತೆ, ಇದು ಮೂರು ಗಂಟೆ ಆಸುಪಾಸಿನ ಕೆಲಸ, ಆಮೇಲೆ ತೆಳು ಪೊರೆಗಳು, ಆಮೇಲೆ ಚಿಪ್ಪು. ಈ ಚಿಪ್ಪು ಒಂದಕ್ಕೇ 20 ಗಂಟೆಯಷ್ಟು ಹಿಡಿಯತ್ತೆ. ಚಿಪ್ಪು ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಲ್ಲಿ ಇರೋದೂ ಅದೇ. ತಿಂದ ಮೇವಲ್ಲಿರೋ ಕ್ಯಾಲ್ಸಿಯಂ ಸಾಕಾಗ್ಲಿಲ್ಲ ಅಂದ್ರೆ ಕೋಳಿ ತನ್ನ ಮೂಳೆಯಿಂದಾನೇ ತೆಗೆದು ಕೊಡತ್ತೆ, ಅದಕ್ಕೇ ಫಾರಂನವರು ಮೇವಿಗೆ ಸುಣ್ಣಕಲ್ಲಿನ ಹರಳು ಸೇರಿಸ್ತಾರೆ. ಕಂದು ಮೊಟ್ಟೆ ಇಡೋ ತಳಿ ಆಗಿದ್ರೆ ಚಿಪ್ಪು ಮುಗಿಯೋ ಹಂತದಲ್ಲಿ, ಕೊನೆ ಕೆಲವು ಗಂಟೇಲಿ, ಪ್ರೊಟೊಪೋರ್ಫಿರಿನ್ ಅನ್ನೋ ಬಣ್ಣ ಮೇಲ್ಮೈಗೆ ಬಂದು ಕೂರತ್ತೆ, ಅಷ್ಟೇ. ಬೇಕಾದ್ರೆ ನಾಳೆ ಬೆಳಗ್ಗೆ ಆಮ್ಲೆಟ್ ಮಾಡುವಾಗ ಕಂದು ಮೊಟ್ಟೆ ಒಡೆದು ಚಿಪ್ಪಿನ ಒಳಗಡೆ ನೋಡಿ, ಬಿಳಿ ಇರತ್ತೆ. ದಕ್ಷಿಣ ಅಮೆರಿಕದ ಅರೌಕಾನ ಅನ್ನೋ ತಳಿ ನೀಲಿ ಮೊಟ್ಟೆ ಇಡತ್ತೆ, ಅದರ ಬಣ್ಣ ಮಾತ್ರ ಬೇರೆ ಪದಾರ್ಥ, ಚಿಪ್ಪಿನ ಒಳಗಿನವರೆಗೂ ಇಳಿದಿರತ್ತೆ.

ಅಂದ್ರೆ ಬಣ್ಣ ತಳಿಯ ವಿಷಯ. ಕೋಳಿ ಹುಲ್ಲಲ್ಲಿ ಓಡಾಡ್ತೋ ಪಂಜರದಲ್ಲಿ ಕೂತಿತ್ತೋ, ಏನು ತಿಂತು, ಇದ್ಯಾವುದೂ ಚಿಪ್ಪಿನ ಬಣ್ಣದಲ್ಲಿ ಗೊತ್ತಾಗಲ್ಲ. ಕಿವಿ ಮಾತೂ ಬಹುಪಾಲು ಸರಿ, ಬಿಳಿ ಕಿವಿಹಾಲೆ ಇರೋ ಲೆಗ್‌ಹಾರ್ನ್ ಬಿಳಿ ಮೊಟ್ಟೆ ಇಡತ್ತೆ, ಕೆಂಪು ಕಿವಿಹಾಲೆಯ ರೋಡ್ ಐಲೆಂಡ್ ರೆಡ್ ಕಂದು ಮೊಟ್ಟೆ ಇಡತ್ತೆ, ಅಪವಾದಗಳೂ ಇವೆ. ಕಡಕ್‌ನಾಥ್ ಕೋಳಿ ಪುಕ್ಕ ಕಪ್ಪು, ಚರ್ಮ ಕಪ್ಪು, ಮಾಂಸಾನೂ ಕಪ್ಪು, ಮೊಟ್ಟೆ ಮಾತ್ರ ಕೆನೆ ಬಣ್ಣದ್ದು. ಒಂದೇ ಮೇವು ಹಾಕಿ ಸಾಕಿದ್ರೆ ಬಿಳಿ ಮೊಟ್ಟೆ, ಕಂದು ಮೊಟ್ಟೆ ಎರಡರ ಪೋಷಕಾಂಶದಲ್ಲಿ ಲೆಕ್ಕಕ್ಕೆ ಬರೋಂಥ ವ್ಯತ್ಯಾಸ ಇಲ್ಲ. ಕಂದು ಮೊಟ್ಟೆಯ ಕೋಳಿಗಳು ಸಾಮಾನ್ಯವಾಗಿ ಮೈ ದೊಡ್ಡದು, ಮೇವು ಸ್ವಲ್ಪ ಜಾಸ್ತಿ ತಿಂತವೆ, ಹಾಗಾಗಿ ರೇಟು ಒಂದಿಷ್ಟು ಜಾಸ್ತಿ ಇರೋದಕ್ಕೆ ಕಾರಣ ಇದೆ, ಒಪ್ಪೋಣ. ಆದ್ರೆ ಗಾವಠಿಗೆ ಎರಡರಷ್ಟು ಯಾಕೆ?

ಗಾವಠಿ ಮೊಟ್ಟೆ ಬಗ್ಗೆ ಒಂದು ಸರಳ ಲೆಕ್ಕ ಹಾಕಿ. ಫಾರಂನ ಲೆಗ್‌ಹಾರ್ನ್ ಸಂತತಿಯ ಕೋಳಿ ವರ್ಷಕ್ಕೆ 300ಕ್ಕಿಂತ ಜಾಸ್ತಿ ಮೊಟ್ಟೆ ಇಡತ್ತೆ. ಹಳ್ಳೀಲಿ ಹಿತ್ತಲಲ್ಲಿ ಕೆದಕ್ಕೊಂಡು ತಿನ್ನೋ ನಿಜವಾದ ನಾಟಿ ಕೋಳಿ ಇಡೋದು ಸಾಧಾರಣ 60-80, ಯಾಕಂದ್ರೆ ಒಂದಷ್ಟು ಮೊಟ್ಟೆ ಆದ ಮೇಲೆ ಅದು ಕಾವಿಗೆ ಕೂರತ್ತೆ, ಕೂತಾಗ ಮೊಟ್ಟೆ ನಿಂತೋಗತ್ತೆ, ಮರಿ ಆದ ಮೇಲೆ ಅವುಗಳ ಹಿಂದೆ ತಿರುಗತ್ತೆ. ಈ ಕಾವಿಗೆ ಕೂರೋ ಗುಣವನ್ನೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ಫಾರಂ ತಳಿಗಳಿಂದ ತೆಗೆದುಬಿಟ್ಟಿದ್ದಾರೆ. ಹಾಗಿರುವಾಗ ಇಷ್ಟು ದೊಡ್ಡ ಮುಂಬೈಯ ಪ್ರತಿ ಗಲ್ಲೀಲೂ ವರ್ಷಪೂರ್ತಿ ಬುಟ್ಟಿಗಟ್ಟಲೆ, ಒಂದೇ ಸೈಜಿನ, ಒಂದೇ ಬಣ್ಣದ ಗಾವಠಿ ಮೊಟ್ಟೆ ಎಲ್ಲಿಂದ ಬರತ್ತೆ? ನಿಜವಾದ ನಾಟಿ ಮೊಟ್ಟೆ ಚಿಕ್ಕದು, ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಕೆಲವು ಕೆನೆ, ಕೆಲವು ತಿಳಿ ಕಂದು, ಕೆಲವು ಹೆಚ್ಚುಕಮ್ಮಿ ಬಿಳೀನೇ. ಊರಲ್ಲಿ ಅಜ್ಜಿ ಮನೇಲಿ ಕೋಳಿ ಇದ್ದವರಿಗೆ ಇದು ಹೇಳ್ಬೇಕಾಗೇ ಇಲ್ಲ. ಬುಟ್ಟೀಲಿರೋ ಎಲ್ಲಾನೂ ದಪ್ಪಗೆ, ಒಂದೇ ಗಾಢ ಕಂದು ಬಣ್ಣದಲ್ಲಿ ಇದ್ರೆ ಅದು ಕಂದು ಮೊಟ್ಟೆ ಇಡೋ ಫಾರಂ ತಳೀದೇ ಇರೋ ಸಾಧ್ಯತೆ ಜಾಸ್ತಿ. ತಿನ್ನೋಕೆ ಏನೂ ತೊಂದರೆ ಇಲ್ಲ, ಒಳ್ಳೆ ಮೊಟ್ಟೆನೇ, ಆದ್ರೆ ನೀವು ದುಡ್ಡು ಕೊಟ್ಟಿದ್ದು ಬೇರೆ ಹೆಸರಿಗೆ.

ನಮ್ಮ ಬಿಲ್ಡಿಂಗ್ ಕೆಳಗಿನ ಅಂಗಡೀಲಿ ಕಂಡಿದ್ದು ಹೇಳ್ತೀನಿ. ಕಲಬುರ್ಗಿ ಕಡೆಯ ಒಬ್ಬ ಹೆಂಗಸು, ಅಕ್ಕಪಕ್ಕದ ಮನೆಗಳಲ್ಲಿ ಕೆಲಸ ಮಾಡೋರು, ಎರಡೇ ಎರಡು ಗಾವಠಿ ಮೊಟ್ಟೆ ತಗೊಂಡು ಸೆರಗಿನ ತುದೀಲಿ ಕಟ್ಕೊಳ್ತಿದ್ರು. ಕೌಂಟರ್ ಮೇಲೆ ಬಿಳಿ ಮೊಟ್ಟೆ ಟ್ರೇ ಹಾಗೇ ಇತ್ತು. ಆ ದುಡ್ಡಿಗೆ ಬಿಳಿದು ನಾಕು ಬರ್ತಾವಲ್ರೀ ಅಂದೆ. "ಕೂಸು ಭಾಳ ಸೊರಗೇತ್ರೀ ಅಕ್ಕಾರ, ಬಿಳಿದರಾಗ ಏನೂ ಇರಂಗಿಲ್ಲಂತ, ಅದಕ್ಕ ಇದನ್ನ ಒಯ್ಯಾಕತ್ತೀನಿ" ಅಂದ್ರು. ಒಂದು ಮೊಟ್ಟೇಲಿ ಸುಮಾರು 6 ಗ್ರಾಂ ಪ್ರೋಟೀನ್ ಇರತ್ತೆ, ಅಂದ್ರೆ ನಾಕರಲ್ಲಿ 24, ಎರಡರಲ್ಲಿ 12. ಯಾರೋ ತಿಳಿದವರ ಥರ ಹೇಳಿದ ಮಾತು ನಂಬಿ ಆ ತಾಯಿ ತನ್ನ ಮಗುವಿಗೆ ಸಿಗಬೇಕಾಗಿದ್ದರ ಅರ್ಧ ಬಿಟ್ಟು ಹೋದ್ರು. ಅವರ ಜೊತೆ ನಿಂತು ಸ್ವಲ್ಪ ಹೊತ್ತು ಮಾತಾಡಿದೆ, ಆದ್ರೆ ಹೀಗೆ ಎಷ್ಟು ಜನ.

ಇನ್ನು ಹಳದಿ ಬಣ್ಣದ ಕಥೆ. ಇದು ಚಿಪ್ಪಿನ ಥರ ಅಲ್ಲ, ಇದು ನೇರವಾಗಿ ಮೇವಿಂದ ಬರತ್ತೆ. ಹಳದಿ ಮೆಕ್ಕೆಜೋಳ, ಹಸಿರು ಸೊಪ್ಪು ತಿಂದ್ರೆ ಹಳದಿ ಗಾಢ ಆಗತ್ತೆ, ಅಕ್ಕಿ ನುಚ್ಚು, ಗೋಧಿ ಜಾಸ್ತಿ ಹಾಕಿದ್ರೆ ಪೇಲವ. ಮೇವಿಗೆ ಚೆಂಡುಹೂವಿನ ಸಾರ ಬೆರೆಸಿದ್ರೂ ಸಾಕು, ಕಿತ್ತಳೆ ಬಣ್ಣಕ್ಕೆ ತಿರುಗತ್ತೆ, ಜಗತ್ತಿನ ತುಂಬ ಫಾರಂಗಳಲ್ಲಿ ಇದನ್ನ ಮಾಡ್ತಾರೆ. ಹಾಗಾಗಿ ಗಾಢ ಹಳದಿ ನೋಡಿದ ತಕ್ಷಣ ನಾಟಿ ಅಂತ ತೀರ್ಮಾನ ಮಾಡೋಕಾಗಲ್ಲ, ಪ್ರೋಟೀನ್ ಜಾಸ್ತಿ ಅಂತಾನೂ ಅಲ್ಲ. ಈ ಬಣ್ಣ ಕೊಡೋ ಲ್ಯೂಟಿನ್, ಝಿಯಾಕ್ಸಾಂಥಿನ್ ಕಣ್ಣಿಗೆ ಒಳ್ಳೇದು ಅನ್ನೋದು ನಿಜ, ಆದ್ರೆ ಕ್ಯಾರೆಟ್‌ನಲ್ಲಿರೋ ಬಣ್ಣದ ಥರ ಅವು ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗಲ್ಲ. ಮೇವಲ್ಲಿ ಅಗಸೆ ಬೀಜ ಹಾಕಿ ಒಮೆಗಾ-3 ಹೆಚ್ಚಿಸೋದು, ವಿಟಮಿನ್ ಡಿ ಹೆಚ್ಚಿಸೋದು, ಇವೆಲ್ಲ ಆಗೋ ಕೆಲಸವೇ. ಬಾಕ್ಸ್ ಮೇಲೆ ಒಂದು ಮೊಟ್ಟೇಲಿ ಇಷ್ಟು ಅಂತ ಅಂಕಿ ಹಾಕಿ ಹೇಳಿದ್ರೆ ಅದಕ್ಕೆ ದುಡ್ಡು ಕೊಡೋದರಲ್ಲಿ ಅರ್ಥ ಇದೆ, ಬರೀ ಹುಲ್ಲಿನ ಚಿತ್ರಕ್ಕೆ ಕೊಡೋದರಲ್ಲಿ ಇಲ್ಲ.

ಜಿಮ್ ಹುಡುಗರಿಗೆ ಒಂದು ಮಾತು, ಹಳದಿ ತೆಗೆದು ಸಿಂಕಿಗೆ ಚೆಲ್ಲೋದು ನೋಡಿದ್ರೆ ಸಂಕಟ ಆಗತ್ತೆ. ಮೊಟ್ಟೆಯ ಪ್ರೋಟೀನ್‌ನಲ್ಲಿ ಹೆಚ್ಚುಕಮ್ಮಿ 40 ಪರ್ಸೆಂಟ್ ಹಳದೀಲೇ ಇರತ್ತೆ, ಕೋಲಿನ್, ವಿಟಮಿನ್ ಎ, ಡಿ, ಕಬ್ಬಿಣ ಎಲ್ಲ ಅಲ್ಲೇ. ಈ ಭಯ ಶುರುವಾಗಿದ್ದು 1968ರಲ್ಲಿ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಮೂರು ಹಳದಿಗಿಂತ ಜಾಸ್ತಿ ಬೇಡ ಅಂದಾಗ. ಆಮೇಲೆ ಗೊತ್ತಾಗ್ತಾ ಹೋಗಿದ್ದೇನಂದ್ರೆ ತಿನ್ನೋ ಕೊಲೆಸ್ಟ್ರಾಲ್‌ಗಿಂತ ಸ್ಯಾಚುರೇಟೆಡ್ ಕೊಬ್ಬು ರಕ್ತದ ಕೊಲೆಸ್ಟ್ರಾಲ್‌ನ ಜಾಸ್ತಿ ಏರಿಸತ್ತೆ ಅಂತ, 2015-20ರ ಅಮೆರಿಕನ್ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಅನ್ನೋ ಮಿತಿಯನ್ನೇ ಕೈಬಿಡ್ತು. ಶುಗರ್ ಇರೋರು, ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಇರೋರು ಡಾಕ್ಟರ್ ಹೇಳಿದ ಹಾಗೆ ನಡ್ಕೊಳ್ಳಿ, ಅದು ಬೇರೆ. ಆರೋಗ್ಯವಾಗಿರೋ ಹುಡುಗ ಹಳದಿ ಚೆಲ್ಲಿ ಪೌಡರ್ ಡಬ್ಬ ಕೊಳ್ಳೋದು ಬೇಕಾಗಿಲ್ಲ.

ಹಾಗಾದ್ರೆ ಮೊಟ್ಟೇಲಿ ನಿಜವಾಗಲೂ ನೋಡ್ಬೇಕಾಗಿರೋದು ಏನು? ವಯಸ್ಸು, ಮತ್ತೆ ಇಟ್ಟಿದ್ದ ಜಾಗ. ಚಿಪ್ಪಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವುಗಳಿಂದ ದಿನದಿನಾನೂ ಒಳಗಿನ ತೇವ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗತ್ತೆ, ಅಷ್ಟೇ ಜಾಗಕ್ಕೆ ಗಾಳಿ ಒಳಗೆ ಬಂದು ದಪ್ಪ ತುದೀಲಿ ಕೂರತ್ತೆ. ಹಳೇ ಮೊಟ್ಟೆ ನೀರಲ್ಲಿ ತೇಲೋದು ಈ ಗಾಳಿ ಚೀಲದಿಂದ. ರಾತ್ರಿ ಅಡುಗೆಮನೆ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಾಕಿ, ಅದರ ಮೇಲೆ ಮೊಟ್ಟೆಯ ದಪ್ಪ ತುದಿ ಒತ್ತಿ ಹಿಡೀರಿ, ಸುತ್ತ ಬೆರಳು ಮುಚ್ಚಿ ಬೆಳಕು ಸೋರದ ಹಾಗೆ. ಇಡೀ ಮೊಟ್ಟೆ ಕಿತ್ತಳೆ ಬಣ್ಣದಲ್ಲಿ ಬೆಳಗತ್ತೆ, ತುದೀಲಿ ಗಾಳಿ ಚೀಲದ ಅಂಚು ಒಂದು ಗೆರೆ ಥರ ಕಾಣತ್ತೆ. ಹೊಸ ಮೊಟ್ಟೇಲಿ ಅದು ತೀರಾ ಚಿಕ್ಕದು, ಹಳೇದಾದ ಹಾಗೆ ಗೆರೆ ಕೆಳಗೆ ಇಳೀತಾ ಬರತ್ತೆ. ಗ್ರೇಡ್ ಮಾಡೋ ಕಡೆಗಳಲ್ಲಿ ನಡೆಯೋದೂ ಇದೇ ಕೆಲಸ, ಮಕ್ಕಳಿಗೆ ಒಂದು ಸಲ ತೋರಿಸಿ, ಬಿಡೋದೇ ಇಲ್ಲ. ಕಂದು ಚಿಪ್ಪಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲ್ಲ.

ಆದ್ರೆ ಇಲ್ಲೂ ತೀರ್ಮಾನದಲ್ಲಿ ಹುಷಾರಾಗಿರ್ಬೇಕು. ತೇಲಿದ್ರೆ ಹಳೇದು ಅಂತ ಅರ್ಥ, ವಿಷ ಅಂತ ಅಲ್ಲ, ಮುಳುಗಿದ್ರೆ ಸಾಲ್ಮೊನೆಲ್ಲಾ ಇಲ್ಲ ಅಂತಾನೂ ಅಲ್ಲ, ಆ ಬ್ಯಾಕ್ಟೀರಿಯಾ ತೂಕದಲ್ಲಿ ಗೊತ್ತಾಗಲ್ಲ, ಅದಕ್ಕೆ ಚೆನ್ನಾಗಿ ಬೇಯಿಸೋದೊಂದೇ ದಾರಿ. ಒಡೆದಾಗ ಕೆಟ್ಟ ವಾಸನೆ ಬಂದ್ರೆ ಎಸೀರಿ. ತೀರಾ ಹೊಸ ಮೊಟ್ಟೆ ಬೇಯಿಸಿದ್ರೆ ಸಿಪ್ಪೆ ಜೊತೆ ಅರ್ಧ ಬಿಳೀನೂ ಕಿತ್ಕೊಂಡು ಬರತ್ತಲ್ಲ, ಅದನ್ನ ನೋಡಿ ಕೆಟ್ಟ ಮೊಟ್ಟೆ ಕೊಟ್ಟ ಅಂತ ಅಂಗಡಿಯವನ ಮೇಲೆ ಜಗಳಕ್ಕೆ ಹೋಗೋರಿದ್ದಾರೆ. ಅದು ಹೊಸದು ಅನ್ನೋದಕ್ಕೇ ಸಾಕ್ಷಿ, ಕಾರ್ಬನ್ ಡೈಆಕ್ಸೈಡ್ ಇನ್ನೂ ಹೊರಗೆ ಹೋಗಿರಲ್ಲ, ಬಿಳಿ ಲೋಳೆ ಪೊರೆಗೆ ಅಂಟ್ಕೊಂಡಿರತ್ತೆ, ಒಂದು ವಾರ ಬಿಟ್ಟು ಬೇಯಿಸಿದ್ರೆ ಸಲೀಸಾಗಿ ಬಿಡತ್ತೆ. ಹಸಿ ಬಿಳಿ ಲೋಳೆ ಮಬ್ಬಾಗಿದ್ರೂ ಹೊಸದು ಅಂತಾನೇ ಲೆಕ್ಕ. ಬೇಯಿಸಿದ ಹಳದಿ ಸುತ್ತ ಹಸಿರು ಉಂಗುರ ಬಂದ್ರೆ ಜಾಸ್ತಿ ಹೊತ್ತು ಬೇಯಿಸಿದ್ದೀರಿ ಅಂತ, ಕಬ್ಬಿಣ ಗಂಧಕ ಸೇರಿ ಆಗೋದು, ತಿನ್ಬಹುದು. ರಕ್ತದ ಚುಕ್ಕೆ ಅಂದ್ರೆ ಹಳದಿ ಬಿಡುಗಡೆ ಆಗುವಾಗ ಕೋಳಿಯ ಒಂದು ಸಣ್ಣ ರಕ್ತನಾಳ ಒಡೆದಿದ್ದು, ಮರಿಗೂ ಅದಕ್ಕೂ ಸಂಬಂಧ ಇಲ್ಲ. ಮೊಟ್ಟೆ ಫಾರಂಗಳಲ್ಲಿ ಹುಂಜಾನೇ ಇರಲ್ಲ, ಮರಿ ಎಲ್ಲಿಂದ ಬರ್ಬೇಕು.

ಮನೆಗೆ ತಂದ ತಕ್ಷಣ ತೊಳೆಯೋ ಅಭ್ಯಾಸ ಎಷ್ಟೋ ಜನಕ್ಕಿದೆ, ಅದೂ ಮಳೆಗಾಲದಲ್ಲಿ ಮುಂಬೈ ಅಂಗಡಿ ಟ್ರೇ ನೋಡಿದ್ರೆ ತೊಳೀಬೇಕು ಅಂತ ಅನ್ಸತ್ತೆ ಕೂಡ. ಆದ್ರೆ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಲೇಪ ಇರತ್ತೆ, ಆ ರಂಧ್ರಗಳನ್ನ ಮುಚ್ಚಿರೋದೇ ಅದು, ತೊಳೆದ್ರೆ ಹೋಗತ್ತೆ. ಅದ್ರಲ್ಲೂ ತಣ್ಣೀರಲ್ಲಿ ತೊಳೆದ್ರೆ ಒಳಗಿನ ಪದಾರ್ಥ ಕುಗ್ಗಿ ಹೊರಗಿನ ಕೊಳೆ ಒಳಕ್ಕೆ ಎಳ್ಕೊಳ್ಳೋ ಚಾನ್ಸ್ ಇದೆ. ಅಮೆರಿಕದಲ್ಲಿ ಅಂಗಡಿಗೆ ಬರೋ ಮೊಟ್ಟೆ ತೊಳೆದೇ ಬರತ್ತೆ, ಅದಕ್ಕೇ ಅಲ್ಲಿ ಫ್ರಿಜ್ ಕಡ್ಡಾಯ, ಯುರೋಪಲ್ಲಿ ಎ ದರ್ಜೆ ಮೊಟ್ಟೆ ತೊಳೆಯೋ ಹಾಗೇ ಇಲ್ಲ. ನಮ್ಮಲ್ಲಿ ಬಿಡಿ ಮೊಟ್ಟೆ ಸಾಮಾನ್ಯವಾಗಿ ತೊಳೆಯದೇ ಬರತ್ತೆ. ಕೊಳೆ ಇದ್ರೆ ಒಣಬಟ್ಟೇಲಿ ಒರೆಸಿ ಇಡಿ, ತೊಳೆಯೋದಿದ್ರೆ ಒಡೆಯೋ ಮುಂಚೆ ತೊಳೀರಿ. ಫ್ರಿಜ್ಜಲ್ಲಿಟ್ಟರೆ ಅಲ್ಲೇ ಇರ್ಲಿ, ಹೊರಗೆ ತೆಗೆದು ತೆಗೆದು ಇಟ್ಟರೆ ಮುಂಬೈ ಹವೆಗೆ ಚಿಪ್ಪು ಬೆವರತ್ತೆ, ಆ ತೇವ ಒಳ್ಳೇದಲ್ಲ. ಬಾಗಿಲ ಕಡೆ ಬೇಡ, ಒಳಗಿನ ಶೆಲ್ಫಲ್ಲಿಡಿ.

ಈಗ ರೇಟಿನ ಮಾತು, ಇದು ನೇರವಾಗಿ ಪುಣೆಗೆ ಹೋಗತ್ತೆ. ದೇಶದ ಮೊಟ್ಟೆ ಉದ್ಯಮದ ದೊಡ್ಡ ಹೆಸರು ಬಿ.ವಿ. ರಾವ್, ಅವರು ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್ 1971ರಲ್ಲಿ ಶುರುವಾಗಿದ್ದು, ಪುಣೆಯದ್ದು. ಆಗ ರೇಟು ನಿರ್ಧಾರ ಮಾಡ್ತಿದ್ದೋರು ವ್ಯಾಪಾರಿಗಳು, ಸಾಕೋ ರೈತನಿಗೆ ಖರ್ಚೂ ಹುಟ್ಟದ ಪರಿಸ್ಥಿತಿ ಬಂದಾಗ ರೈತರನ್ನ ಸೇರಿಸಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಅಂದ್ರೆ ಎನ್ಇಸಿಸಿ ಕಟ್ಟಿದ್ರು. 'ಸಂಡೇ ಹೋ ಯಾ ಮಂಡೇ, ರೋಜ್ ಖಾವೋ ಅಂಡೇ' ಅಂತ ಟಿವೀಲಿ ಕೇಳಿ ಬೆಳೆದಿದ್ದೀವಲ್ಲ, ಅದು ಅವರದ್ದೇ. ಇವತ್ತಿಗೂ ಪ್ರತಿದಿನ ಊರೂರಿನ ರೇಟು, 100 ಮೊಟ್ಟೆ ಲೆಕ್ಕದಲ್ಲಿ, ಅವರು ಪ್ರಕಟ ಮಾಡ್ತಾರೆ. ಆ ಪಟ್ಟೀಲಿ ಮುಂಬೈ, ಪುಣೆ ಜೊತೆ ನಮ್ಮ ಹೊಸಪೇಟೆ, ಮೈಸೂರೂ ಇರ್ತವೆ.

ಮುಂಬೈಗೆ ಹೊಸಪೇಟೆ ರೇಟು ಯಾಕೆ ಮುಖ್ಯ ಅಂದ್ರೆ ಮಹಾರಾಷ್ಟ್ರ ತನಗೆ ಬೇಕಾದಷ್ಟು ಮೊಟ್ಟೆ ತಾನೇ ಬೆಳೆಯಲ್ಲ. 2023ರ ಜನವರೀಲಿ ರಾಜ್ಯದ ಪಶುಸಂಗೋಪನಾ ಇಲಾಖೆಯೇ ಹೇಳಿದ ಲೆಕ್ಕ, ದಿನಕ್ಕೆ ಬೇಕಾಗಿರೋದು 2.25 ಕೋಟಿಗಿಂತ ಜಾಸ್ತಿ, ಕೊರತೆ ಸುಮಾರು 1 ಕೋಟಿ. ಅದು ಕರ್ನಾಟಕ, ತೆಲಂಗಾಣ, ತಮಿಳುನಾಡಿಂದ ಬರತ್ತೆ. ರಾತ್ರಿ ಬುರ್ಜಿ ಪಾವ್ ಗಾಡೀಲಿ ಒಡೆಯೋ ಮೊಟ್ಟೆ ಎಷ್ಟೋ ಸಲ ನಮ್ಮೂರ ಕಡೆಯಿಂದಾನೇ ಲಾರೀಲಿ ಬಂದಿರೋದು. ಹಾಗಾಗಿ ಡೀಸೆಲ್, ದೂರ, ದಾರೀಲಿ ಒಡೆದಿದ್ದು ಎಲ್ಲ ನಮ್ಮ ರೇಟಿಗೆ ಸೇರತ್ತೆ.

ಶ್ರಾವಣ ಬಂತು ಅಂದ್ರೆ ಮಹಾರಾಷ್ಟ್ರದಲ್ಲಿ ಅರ್ಧ ಊರು ಮೊಟ್ಟೆ ಮುಟ್ಟಲ್ಲ, ರೇಟು ಇಳಿಯತ್ತೆ, ಕೋಳಿ ಮಾತ್ರ ಇಡ್ತಾನೇ ಇರತ್ತೆ, ಅದನ್ನ ಒಂದು ತಿಂಗಳು ನಿಲ್ಲಿಸೋಕಾಗಲ್ಲ. ಫಾರಂಗಳಲ್ಲಿ ದಿನಕ್ಕೆ 16 ಗಂಟೆಯಷ್ಟು ಬೆಳಕು ಕೊಟ್ಟು ವರ್ಷಪೂರ್ತಿ ಇಡಿಸ್ತಾರೆ, ಬೆಳಕು ಕಮ್ಮಿ ಆದ್ರೆ ಕೋಳಿ ದೇಹ ಮೊಟ್ಟೆ ನಿಲ್ಲಿಸತ್ತೆ. ಚಳಿಗಾಲದಲ್ಲಿ ಉತ್ತರದಲ್ಲಿ ತಿನ್ನೋದು ಜಾಸ್ತಿ, ಕ್ರಿಸ್‌ಮಸ್ ಕೇಕು ಬೇರೆ, ಡಿಸೆಂಬರಲ್ಲಿ ಏರತ್ತೆ. ಇದೆಲ್ಲ ಹಳೇ ಲಯ. ಹೊಸದಾಗಿ ಸೇರ್ಕೊಂಡಿರೋದು ಮೆಕ್ಕೆಜೋಳ. ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನತ್ತೆ, ಮೊಟ್ಟೆಯ ಖರ್ಚಲ್ಲಿ ದೊಡ್ಡ ಪಾಲು ಇದೇ, ಅದರಲ್ಲಿ ಮುಖ್ಯ ಮೆಕ್ಕೆಜೋಳ ಮತ್ತೆ ಸೋಯಾ. 2023ರ ಕೊನೇಲಿ ಕಬ್ಬಿನ ರಸದಿಂದ ಎಥನಾಲ್ ಮಾಡೋದಕ್ಕೆ ಸರ್ಕಾರ ಕಡಿವಾಣ ಹಾಕಿದ ಮೇಲೆ ಎಥನಾಲ್ ಕಾರ್ಖಾನೆಗಳು ಮೆಕ್ಕೆಜೋಳದ ಕಡೆ ತಿರುಗಿದ್ವು, ಮೊದಲು ರಫ್ತು ಮಾಡ್ತಿದ್ದ ದೇಶ 2024ರಲ್ಲಿ ಮೆಕ್ಕೆಜೋಳ ಆಮದು ಮಾಡ್ಕೊಳ್ಳೋ ಹಾಗಾಯ್ತು. ಪೆಟ್ರೋಲಿಗೆ ಬೆರೆಸೋ ಎಥನಾಲ್‌ಗೂ ಕೋಳಿ ಮೇವಿಗೂ ಒಂದೇ ಮೆಕ್ಕೆಜೋಳಕ್ಕೆ ಪೈಪೋಟಿ ಬಿದ್ದ ಮೇಲೆ ಮೊಟ್ಟೆ ರೇಟು ಹಳೇ ಕಡೆ ವಾಪಸ್ ಹೋಗತ್ತೆ ಅಂತ ನನಗನ್ಸಲ್ಲ.

ರೇಟು ಏರ್ತಿರೋ ಹೊತ್ತಲ್ಲೇ ಭಯಾನೂ ಮಾರಾಟ ಆಗತ್ತೆ. 2017ರಲ್ಲಿ ಕೋಲ್ಕತಾದಿಂದ ಪ್ಲಾಸ್ಟಿಕ್ ಮೊಟ್ಟೆ ಗಲಾಟೆ ಶುರುವಾಗಿ ದೇಶಾನೇ ಸುತ್ತಿತ್ತು. ಸುಟ್ಟರೆ ಪ್ಲಾಸ್ಟಿಕ್ ಥರ ಆಗತ್ತೆ, ಎಳೆದ್ರೆ ಹಾಳೆ ಥರ ಬರತ್ತೆ ಅಂತ ವಿಡಿಯೋ. ಅದು ಚಿಪ್ಪಿನ ಒಳಗಿನ ಪ್ರೋಟೀನ್ ಪೊರೆ, ಒಣಗಿದ್ರೆ ಹಾಗೇ ಕಾಣತ್ತೆ. ಅಂಥ ಮೊಟ್ಟೆ ಮಾಡೋ ತಂತ್ರಜ್ಞಾನಾನೇ ಇಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದ್ರೆ ಎಫ್ಎಸ್ಎಸ್ಎಐ ಹೇಳ್ಬೇಕಾಯ್ತು. ಪೊರೆ, ಗಾಳಿ ಚೀಲ, ಹಳದಿಯನ್ನ ಮಧ್ಯದಲ್ಲಿ ಹಿಡಿದಿಡೋ ಬಿಳಿ ಎಳೆಗಳು, ಇಷ್ಟೆಲ್ಲ ಮಾಡಿ ನಾಕೈದು ರೂಪಾಯಿಗೆ ಯಾರು ಮಾರ್ತಾರೆ ಅಂತ ಒಂದು ನಿಮಿಷ ಯೋಚಿಸಿದ್ರೂ ಸಾಕಿತ್ತು. 2025ರ ಡಿಸೆಂಬರಲ್ಲಿ ಬಂದ, ಮೊಟ್ಟೇಲಿ ನೈಟ್ರೊಫ್ಯುರಾನ್ ಅಂಶ ಇದೆ ಅನ್ನೋ ಸುದ್ದಿ ಮಾತ್ರ ಬೇರೆ ಥರದ್ದು, ಅದನ್ನ ಇದರ ಜೊತೆ ಸೇರಿಸ್ಬಾರ್ದು. ನೈಟ್ರೊಫ್ಯುರಾನ್ ಅನ್ನೋದು ಆಂಟಿಬಯೋಟಿಕ್, ಕೋಳಿ ಸಾಕಣೇಲಿ ಬಳಸೋದು ಕಾನೂನು ಪ್ರಕಾರ ನಿಷೇಧ. ಪ್ರಯೋಗಾಲಯದ ಪತ್ತೆಗೆ ಒಂದು ಮಿತಿ ಇದೆ, ಕೆಜಿಗೆ 1 ಮೈಕ್ರೊಗ್ರಾಂ, ಈ ಮಿತಿ ಇರೋದು ಪರೀಕ್ಷೆ ಮಾಡೋ ಅಧಿಕಾರಿಗಳಿಗೆ, ಬಳಸೋಕೆ ಕೊಟ್ಟ ಪರ್ಮಿಷನ್ ಅಲ್ಲ. ದೇಶದ ಮೊಟ್ಟೆ ತಿಂದ್ರೆ ಕ್ಯಾನ್ಸರ್ ಅನ್ನೋದು ದಾರಿ ತಪ್ಪಿಸೋ ಮಾತು, ಮೊಟ್ಟೆ ಸೇಫ್ ಅಂತ ಎಫ್ಎಸ್ಎಸ್ಎಐ ಸ್ಪಷ್ಟ ಮಾಡ್ತು. ನಾನು ತಿನ್ನೋದು ನಿಲ್ಲಿಸಿಲ್ಲ, ಆದ್ರೆ ಪರೀಕ್ಷೆ ಆಗಾಗ ನಡೀಬೇಕು, ಯಾವ ಜಿಲ್ಲೇಲಿ ಎಷ್ಟು ಸ್ಯಾಂಪಲ್ ತೆಗೆದ್ರು, ಏನು ಬಂತು ಅಂತ ಜನಕ್ಕೆ ಗೊತ್ತಾಗ್ಬೇಕು. ಆ ಮಾಹಿತಿ ಕೈಗೆ ಸಿಗದೇ ಇದ್ರೆ ಜನ ಕೊನೆಗೆ ಚಿಪ್ಪಿನ ಬಣ್ಣಾನೇ ನಂಬ್ತಾರೆ.

2023-24ರ ಲೆಕ್ಕದಲ್ಲಿ ದೇಶದ ಮೊಟ್ಟೆ ಉತ್ಪಾದನೆ 14,277 ಕೋಟಿ, ತಲೆಗೆ ಹಂಚಿದ್ರೆ ವರ್ಷಕ್ಕೆ 103. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಬೇಕು ಅನ್ನೋದು 180. ಈ ಅಂತರ ಯಾರ ತಟ್ಟೇಲಿದೆ ಅಂತ ನೋಡಿದ್ರೆ ಶಾಲೆ ನೆನಪಾಗತ್ತೆ. ಕರ್ನಾಟಕದಲ್ಲಿ ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿಂದ ಆರು ದಿನ ಆಯ್ತು, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಮಹಾರಾಷ್ಟ್ರದಲ್ಲಿ 2023ರ ನವೆಂಬರಲ್ಲಿ ವಾರಕ್ಕೊಂದು ಅಂತ ಶುರು ಮಾಡಿ, 2025ರ ಜನವರೀಲಿ ರಾಜ್ಯ ಸರ್ಕಾರ ಅದಕ್ಕೆ ಕೊಡ್ತಿದ್ದ ಕಾಸು ನಿಲ್ಲಿಸ್ತು, ಬೇಕಾದ್ರೆ ಊರವರ ದೇಣಿಗೆಯಿಂದ ಕೊಡಿ ಅಂತು. ಮುಂಬೈ ಮಹಾನಗರಪಾಲಿಕೆಯ (ಬಿಎಂಸಿ) ಕನ್ನಡ ಶಾಲೆಗಳಲ್ಲಿ ಓದೋ ಮಕ್ಕಳಲ್ಲಿ ಎಷ್ಟೋ ಜನ ಆ ಕಲಬುರ್ಗಿ ಅಕ್ಕನಂಥವರ ಮಕ್ಕಳೇ. ಊರಲ್ಲೇ ಇದ್ದಿದ್ರೆ ಆರು ದಿನ ಸಿಕ್ತಿತ್ತು, ಇಲ್ಲಿ ಒಂದೂ ಖಾತ್ರಿ ಇಲ್ಲ. ಆ ಮಕ್ಕಳಿಗೆ ಬೇಕಾಗಿರೋದು ಏಳು ರೂಪಾಯಿಯ ಬಿಳಿ ಮೊಟ್ಟೆ. ರಾಜ್ಯ ಆ ದುಡ್ಡನ್ನ ವಾಪಸ್ ಕೊಡೋವರೆಗೂ ಈ ಊರಿನ ನಮ್ಮ ಕನ್ನಡ ಸಂಘಗಳು ಹತ್ತಿರದ ಒಂದೊಂದು ಶಾಲೆಗೆ ವಾರಕ್ಕೊಂದು ಸಲ ಟ್ರೇ ಮುಟ್ಟಿಸ್ಬಹುದು, ಹೊರೆ ಅನ್ನೋಂಥ ಖರ್ಚೇನಲ್ಲ ಅದು.